ಲಿಪಿಕಾರ, ದಬೀರ ಮತ್ತು ಪರ್ಷಿಯಾದ ಸಾಮ್ರಾಜ್ಯಗಳು

(ತಾರ್ನಾಕದಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪ್ರಾಚೀನ ಪರ್ಷಿಯಾದ ಸಾಮ್ರಾಜ್ಯಗಳ ಏಳುಬೀಳುಗಳನ್ನು ಕುರಿತು ಮಾತನಾಡಬೇಕೆಂದು ತಾವು ಅಪೇಕ್ಷಿಸಿದಿರಿ. ಈ ವಿಷಯವನ್ನು ಹೈದರಾಬಾದಿನ ಕನ್ನಡಿಗರ ಮುಂದೆ ಏಕೆ ಎತ್ತಿಕೊಳ್ಳಬೇಕು ಎಂದು ಕೇಳುವವರು ಇರಬಹುದು. ಅದಕ್ಕೆ ಉತ್ತರ ಬಹು ದೂರದಲ್ಲೇನೂ ಇಲ್ಲ. ನಾವು ಕುಳಿತಿರುವ ಈ ತಾರ್ನಾಕದಲ್ಲಿಯೇ ರಾಜ್ಯ ಪತ್ರಾಗಾರವಿದೆ. 2014ರವರೆಗೆ ಅದು ಆಂಧ್ರಪ್ರದೇಶದ್ದು, ಈಗ ತೆಲಂಗಾಣದ್ದು. ನಿಜಾಮರ ಕಾಲದ ದಫ್ತರ್-ಎ-ದಿವಾನಿಯ ಉತ್ತರಾಧಿಕಾರಿ ಅದು. ಷಹಜಹಾನ್ ಮತ್ತು ಔರಂಗಜೇಬರ ಕಾಲದ ದಖ್ಖನಿನ ಆಡಳಿತ ಪತ್ರಗಳೇ ಅಲ್ಲಿ ಸುಮಾರು ಒಂದೂವರೆ ಲಕ್ಷದಷ್ಟಿವೆ. ಅವೆಲ್ಲವೂ ಪರ್ಷಿಯನ್ ಭಾಷೆಯಲ್ಲಿವೆ. ಬೀದರ, ಕಲಬುರಗಿ, ರಾಯಚೂರು, ವಿಜಯಪುರಗಳ ಜನಜೀವನದ ಒಂದು ದೊಡ್ಡ ಪಾಲು ಆ ಕಟ್ಟುಗಳಲ್ಲಿ ಅಡಗಿದೆ. ಅದೇ ರಸ್ತೆಯಲ್ಲಿ ದಿನವೂ ಓಡಾಡುವ ನಾವು ಅದನ್ನು ಓದಲಾರೆವು.

ನಮ್ಮ ನೆಲದ ಕಡತಗಳು ಮೂರು ಸಾವಿರ ಕಿಲೋಮೀಟರಿನಷ್ಟು ದೂರದ ಒಂದು ನಾಡಿನ ಭಾಷೆಯಲ್ಲಿ ಏಕಿವೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಪರ್ಷಿಯಾದ ಎಲ್ಲ ಸಾಮ್ರಾಜ್ಯಗಳನ್ನೂ ಹಾದು ಬರಬೇಕಾಗುತ್ತದೆ. ಅರಸರ ಹೆಸರುಗಳ ಪಟ್ಟಿಯನ್ನು ತಮ್ಮ ಮುಂದೆ ಒಪ್ಪಿಸುವುದು ನನ್ನ ಉದ್ದೇಶವಲ್ಲ. ಅರಸನ ಸಿಂಹಾಸನಕ್ಕಿಂತ ಕೆಳಗೆ, ನೆಲದ ಮೇಲೆ, ಲೇಖನಿ ಹಿಡಿದು ಕುಳಿತಿದ್ದ ಮನುಷ್ಯನೊಬ್ಬನನ್ನು ನಾನು ಹಿಂಬಾಲಿಸಬೇಕೆಂದಿದ್ದೇನೆ. ಆತನೇ ಲಿಪಿಕಾರ.

ಕ್ರಿ.ಪೂ. 550ರ ಸುಮಾರಿಗೆ ಪಾರ್ಸ ಎಂಬ ಸಣ್ಣ ಸೀಮೆಯ ಒಡೆಯನಾಗಿದ್ದ ಸೈರಸ್ ತನ್ನ ಮೇಲಿನ ಮೀಡ್ ದೊರೆಗಳನ್ನು ಸೋಲಿಸಿದ. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನ್ ಅವನ ಕೈಸೇರಿತು. ಮುಂದೆ ಪಟ್ಟಕ್ಕೆ ಬಂದ ಡೇರಿಯಸ್ಸನ ಕಾಲದಲ್ಲಿ ಈ ಅಕಮೆನಿಡ್ ಸಾಮ್ರಾಜ್ಯ ಈಜಿಪ್ಟಿನಿಂದ ಸಿಂಧೂ ನದಿಯವರೆಗೆ ಹರಡಿತ್ತು. ಡೇರಿಯಸ್ಸನ ಶಾಸನಗಳಲ್ಲಿ ಅವನಿಗೆ ಕಪ್ಪ ಕೊಡುತ್ತಿದ್ದ ನಾಡುಗಳ ಪಟ್ಟಿಯಲ್ಲಿ ‘ಹಿಂದೂಷ್’ ಎಂಬ ಹೆಸರೂ ಬರುತ್ತದೆ. ಇಷ್ಟು ವಿಸ್ತಾರವಾದ ರಾಜ್ಯವನ್ನು ಕತ್ತಿಯಿಂದ ಗೆಲ್ಲಬಹುದು, ಕತ್ತಿಯಿಂದ ನಡೆಸಲಾಗದು. ನಡೆಸುವುದಕ್ಕೆ ಲೆಕ್ಕ ಬೇಕು, ಓಲೆ ಬೇಕು. ವಿಚಿತ್ರವೆಂದರೆ ಅಕಮೆನಿಡರು ಇದಕ್ಕಾಗಿ ತಮ್ಮ ಭಾಷೆಯನ್ನು ಹೇರಲಿಲ್ಲ. ಬೆಹಿಸ್ತೂನಿನ ಬಂಡೆಯ ಮೇಲೆ ಡೇರಿಯಸ್ ತನ್ನ ವಿಜಯಗಳನ್ನು ಪ್ರಾಚೀನ ಪರ್ಷಿಯನ್, ಎಲಮೈಟ್, ಬ್ಯಾಬಿಲೋನಿಯನ್ ಎಂಬ ಮೂರು ಭಾಷೆಗಳಲ್ಲಿ ಕೆತ್ತಿಸಿದ. ಆದರೆ ದೂರದ ಪ್ರಾಂತಗಳ ಕಚೇರಿಗಳಲ್ಲಿ ನಡೆಯುತ್ತಿದ್ದುದು ಅರಾಮಿಕ್. ಅದು ಗೆದ್ದವರ ಭಾಷೆಯಲ್ಲ, ಸೋತ ಸಿರಿಯಾ ಕಡೆಯ ಜನರ ಭಾಷೆ.

ರಾಜಧಾನಿ ಪರ್ಸಿಪೊಲಿಸ್‌ನಲ್ಲಿ 1933ರಲ್ಲಿ ಅಗೆತದ ವೇಳೆ ಸಾವಿರಾರು ಮಣ್ಣಿನ ಫಲಕಗಳು ದೊರೆತವು. ಡೇರಿಯಸ್ಸನ ಕಾಲದ ಈ ಫಲಕಗಳಲ್ಲಿ ಯುದ್ಧದ ವರ್ಣನೆಯಿಲ್ಲ. ಯಾವ ಕೆಲಸಗಾರನಿಗೆ ಎಷ್ಟು ಧಾನ್ಯ ಕೊಟ್ಟರು, ಹೆರಿಗೆಯಾದ ಹೆಣ್ಣಾಳಿಗೆ ಎಷ್ಟು ಹೆಚ್ಚಿನ ಪಡಿ ಸಂದಿತು, ಹಿಂದೂಷ್ ಪ್ರಾಂತದ ಕಡೆಯ ಪ್ರಯಾಣಿಕರಿಗೆ ದಾರಿಯಲ್ಲಿ ಎಷ್ಟು ಹಿಟ್ಟು ಅಳೆದುಕೊಟ್ಟರು ಎಂಬ ಲೆಕ್ಕಗಳಿವೆ. ಕ್ರಿ.ಪೂ. 330ರಲ್ಲಿ ಅಲೆಗ್ಸಾಂಡರನ ಸೈನ್ಯ ಪರ್ಸಿಪೊಲಿಸ್ಸಿನ ಅರಮನೆಗಳಿಗೆ ಬೆಂಕಿಯಿಟ್ಟಿತು. ಅದೇ ವರ್ಷ ಕೊನೆಯ ಅರಸ ಮೂರನೆಯ ಡೇರಿಯಸ್ ತನ್ನ ಸಾಮಂತರ ಕೈಯಲ್ಲೇ ಹತನಾದ. ಇನ್ನೂರಿಪ್ಪತ್ತು ವರ್ಷಗಳ ಸಾಮ್ರಾಜ್ಯ ಮುಗಿಯಿತು. ಕಚೇರಿ ಮಾತ್ರ ಮುಗಿಯಲಿಲ್ಲ.

ಮುಗಿಯಲಿಲ್ಲವೆಂಬುದಕ್ಕೆ ಸಾಕ್ಷಿ ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಹೋದ ಅಪ್ಪಣೆ ಅದು. ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗುವ ಆ ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ಆದರೆ ತಾನು ‘ಲಿಪಿಕಾರ’ನೆಂದು ಹೇಳಿಕೊಳ್ಳುವ ಆ ಒಂದು ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆದಿಲ್ಲ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಅಕಮೆನಿಡ್ ಕಚೇರಿಯ ಅರಾಮಿಕ್ ಲಿಪಿಯಿಂದ ಅದು ಹುಟ್ಟಿತೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಇಸಿಲದ ಜನರಲ್ಲಿ ಒಬ್ಬನಿಗಾದರೂ ಆ ಅಕ್ಷರ ತಿಳಿದಿತ್ತೋ ಇಲ್ಲವೋ. ಗಾಂಧಾರದ ಕಡೆ ಅಕ್ಷರ ಕಲಿತ ಕರಣಿಕನೊಬ್ಬ ಕನ್ನಡ ನಾಡಿನ ಬಂಡೆಯ ಮೇಲೆ ತನ್ನ ವೃತ್ತಿಯ ಹೆಮ್ಮೆಯನ್ನು ತೋರಿಸಿಕೊಂಡಿದ್ದಾನೆ. ಹೊರನಾಡಿನಲ್ಲಿದ್ದು ಸಹಿಯನ್ನು ಕನ್ನಡದಲ್ಲೇ ಹಾಕುವ ನಮ್ಮಲ್ಲಿ ಕೆಲವರಿಗೆ ಈ ಚಪಡ ಹತ್ತಿರದವನಾಗಿ ಕಾಣಬಹುದು.

ಇನ್ನೊಂದು ಮಾತು. ಷಹಬಾಜ್‌ಗಢಿಯ ಅಶೋಕ ಶಾಸನಗಳಲ್ಲಿ ‘ಲಿಪಿ’ ಎಂಬ ಪದ ‘ದಿಪಿ’ ಎಂದಿದೆ. ಡೇರಿಯಸ್ಸನ ಬೆಹಿಸ್ತೂನ್ ಶಾಸನದಲ್ಲಿಯೂ ಬರಹಕ್ಕೆ ‘ದಿಪಿ’ ಎಂದೇ ಹೆಸರು. ಅದು ಅದಕ್ಕಿಂತಲೂ ಹಿಂದೆ ಎಲಮೈಟರಿಂದ, ಸುಮೇರಿಯನ್ನರಿಂದ ಬಂದ ಪದ. ಅದೇ ಬೇರಿನಿಂದ ಬರಹಗಾರನನ್ನು ಸೂಚಿಸುವ ‘ದಬೀರ’ ಎಂಬ ಪರ್ಷಿಯನ್ ಪದ ಹುಟ್ಟಿತು. ‘ದಿವಾನ’ ಎಂಬ ಪದವೂ ಹುಟ್ಟಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಾವು ಅಚ್ಚ ದೇಶೀಯವೆಂದು ತಿಳಿದಿರುವ ‘ಲಿಪಿ’, ಪರಕೀಯವೆಂದು ತಿಳಿದಿರುವ ‘ದಿವಾನ’, ಹೈದರಾಬಾದಿನ ಹಳೆಯ ಊರಿನ ದಬೀರ್‌ಪುರ ಬಡಾವಣೆಯ ಹೆಸರಿನಲ್ಲಿರುವ ‘ದಬೀರ್’ — ಈ ಮೂರೂ ಒಂದೇ ಮನೆಯ ಮಕ್ಕಳು. ಕನ್ನಡದಿಂದ ಪರ್ಷಿಯನ್ ಪದಗಳನ್ನೆಲ್ಲ ಆರಿಸಿ ಹೊರಹಾಕಬೇಕೆನ್ನುವ ಉತ್ಸಾಹಿಗಳು ‘ಲಿಪಿ’ಯನ್ನು ಏನು ಮಾಡುತ್ತಾರೆಂದು ನನಗೆ ಕುತೂಹಲವಿದೆ.

ಈ ಅಕ್ಷರಗಳನ್ನು ಓದಬಲ್ಲವರು ಇಲ್ಲವಾದಾಗ ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು. ಇರಾನಿನ ಜನ ಸೈರಸ್ಸನನ್ನೂ ಡೇರಿಯಸ್ಸನನ್ನೂ ಬಹುಮಟ್ಟಿಗೆ ಮರೆತೇಬಿಟ್ಟರು. ಪರ್ಸಿಪೊಲಿಸ್ಸಿನ ಕಂಬಗಳನ್ನು ಪುರಾಣದ ಜಮ್ಶೀದ್ ಎಂಬ ಅರಸನ ಸಿಂಹಾಸನವೆಂದು ಕರೆದರು. ಬೆಹಿಸ್ತೂನಿನ ಬಂಡೆಯನ್ನು 1830-40ರ ದಶಕಗಳಲ್ಲಿ ರಾಲಿನ್ಸನ್ ಓದುವವರೆಗೆ ಡೇರಿಯಸ್ಸನ ಮಾತು ಅವನ ಸ್ವಂತ ನಾಡಿನಲ್ಲೇ ಮೂಕವಾಗಿತ್ತು. ನಮ್ಮಲ್ಲಿಯೂ ಕಥೆ ಬೇರೆಯಲ್ಲ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ್ದು 1837ರಲ್ಲಿ. ಆಮೇಲೂ ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಶಾಸನದ ಮಾತಿನಿಂದಲೇ ಖಚಿತಪಡಿಸಿದ್ದು ನಿಜಾಮರ ರಾಜ್ಯಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಆ ಪಾಠ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯಾಯಿತು. ಸಾಮ್ರಾಜ್ಯಗಳು ಸೋತ ದಿನ ಸಾಯುವುದಿಲ್ಲ. ಅವುಗಳ ಕಾಗದವನ್ನು ಓದಬಲ್ಲ ಕೊನೆಯ ಮನುಷ್ಯ ಸತ್ತ ದಿನ ಸಾಯುತ್ತವೆ ಎಂದೇ ನನ್ನ ಭಾವನೆ.

ಅಲೆಗ್ಸಾಂಡರನ ನಂತರ ಅವನ ಸೇನಾನಿ ಸೆಲ್ಯೂಕಸನ ವಂಶ ಇರಾನನ್ನು ಆಳಿತು. ಕ್ರಿ.ಪೂ. 247ರಿಂದ ತಮ್ಮ ಶಕೆಯನ್ನು ಎಣಿಸುವ ಪಾರ್ಥಿಯನ್ನರು ಕ್ರಮೇಣ ಅವರನ್ನು ಹಿಂದಟ್ಟಿದರು. ಅವರನ್ನು ಕುರಿತು ನಾನು ಹೆಚ್ಚು ಹೇಳಲಾರೆ. ಕ್ರಿ.ಪೂ. 53ರಲ್ಲಿ ರೋಮಿನ ಕ್ರಾಸಸನ ಸೈನ್ಯವನ್ನು ಕಾರೇ ಎಂಬಲ್ಲಿ ನುಚ್ಚುನೂರು ಮಾಡಿದ ಈ ಕುದುರೆ ಸವಾರರು ತಮ್ಮ ನಾಣ್ಯಗಳ ಮೇಲೆ ಗ್ರೀಕ್ ಅಕ್ಷರಗಳನ್ನೇ ಇಟ್ಟುಕೊಂಡಿದ್ದರು ಎಂಬುದಷ್ಟೇ ನಮ್ಮ ಇಂದಿನ ಮಾತಿಗೆ ಸಾಕು. ಕ್ರಿ.ಶ. 224ರಲ್ಲಿ ಪಾರ್ಸ ಸೀಮೆಯ ಅರ್ದಶೀರ್ ಎಂಬವನು ಅವರ ಕೊನೆಯ ಅರಸನನ್ನು ಯುದ್ಧದಲ್ಲಿ ಕೊಂದು ಸಾಸಾನಿ ವಂಶವನ್ನು ಸ್ಥಾಪಿಸಿದ. ಅವನ ಮಗ ಶಾಪುರ 260ರಲ್ಲಿ ರೋಮಿನ ಚಕ್ರವರ್ತಿ ವಲೇರಿಯನ್ನನನ್ನೇ ಸೆರೆಹಿಡಿದ.

ಸಾಸಾನಿಗಳ ಶ್ರೇಷ್ಠ ದೊರೆಯೆಂದು ಹೆಸರಾದವನು ಮೊದಲನೆಯ ಖುಸ್ರೋ, 531ರಿಂದ 579ರವರೆಗೆ ಆಳಿದವನು. ಪರ್ಷಿಯನ್ ಸಾಹಿತ್ಯದಲ್ಲಿ ಆತ ‘ನ್ಯಾಯಶೀಲ ನೌಶೀರ್ವಾನ’. ನಮ್ಮ ಪಂಚತಂತ್ರವನ್ನು ವೈದ್ಯ ಬುರ್ಜೋಯನಿಂದ ಪಹ್ಲವಿ ಭಾಷೆಗೆ ತರಿಸಿದವನು ಆತನೇ. (ಅದೇ ಪಂಚತಂತ್ರವನ್ನು ಕಲ್ಯಾಣ ಚಾಲುಕ್ಯರ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಕನ್ನಡಕ್ಕೆ ತಂದದ್ದು ಹನ್ನೊಂದನೆಯ ಶತಮಾನದಲ್ಲಿ. ಈ ವಿಷಯದಲ್ಲಿ ಪರ್ಷಿಯನ್ನರು ನಮಗಿಂತ ಸುಮಾರು ಐನೂರು ವರ್ಷ ಮುಂದೆ!) ಖುಸ್ರೋ ಮಾಡಿದ ದೊಡ್ಡ ಕೆಲಸ ಭೂಮಿಯ ಮೋಜಣಿ. ಬೆಳೆಯಲ್ಲಿ ಪಾಲು ತೆಗೆದುಕೊಳ್ಳುವ ಪದ್ಧತಿಯನ್ನು ಬಿಟ್ಟು, ಅಳೆದ ಭೂಮಿಗೂ ಎಣಿಸಿದ ಖರ್ಜೂರದ ಮರಗಳಿಗೂ ನಗದಿನಲ್ಲಿ ಕಂದಾಯ ಗೊತ್ತುಮಾಡಿದ. ಈ ಪ್ರಸಂಗವನ್ನು ಇತಿಹಾಸಕಾರ ತಬರಿ ಹೇಳುತ್ತಾನೆ. ಹೊಸ ಕಂದಾಯದ ಬಗ್ಗೆ ಅಭಿಪ್ರಾಯವಿದ್ದರೆ ಹೇಳಿ ಎಂದು ಅರಸ ಸಭೆಯಲ್ಲಿ ಕೇಳಿದನಂತೆ. ಒಬ್ಬ ಎದ್ದುನಿಂತು, ಮನುಷ್ಯ ಸಾಯುತ್ತಾನೆ, ಬಳ್ಳಿ ಒಣಗುತ್ತದೆ, ಕಾಲುವೆ ಬತ್ತುತ್ತದೆ. ನಶಿಸುವ ವಸ್ತುವಿನ ಮೇಲೆ ನಶಿಸದ ಕಂದಾಯ ಹಾಕುವುದು ಸರಿಯೇ ಎಂದು ಕೇಳಿದ. ನೀನು ಯಾವ ವರ್ಗದವನು ಎಂದ ಅರಸ. ಲಿಪಿಕಾರ ಎಂದ ಅವನು. ಹಾಗಾದರೆ ಇವನನ್ನು ಮಸಿಕುಡಿಕೆಗಳಿಂದಲೇ ಹೊಡೆಯಿರಿ ಎಂದು ಅಪ್ಪಣೆಯಾಯಿತು. ಅವನ ಸಹೋದ್ಯೋಗಿಗಳೇ, ಈ ಮಾತಿಗೂ ನಮಗೂ ಸಂಬಂಧವಿಲ್ಲವೆಂದು ತೋರಿಸಿಕೊಳ್ಳುವುದಕ್ಕಾಗಿ, ಅವನನ್ನು ಮಸಿಕುಡಿಕೆಗಳಿಂದ ಹೊಡೆದು ಕೊಂದರು. ನ್ಯಾಯಶೀಲನೆಂಬ ಬಿರುದಿನ ಕೆಳಗೆ ಇಂಥ ಒಂದು ಮಸಿಯ ಕಲೆಯೂ ಇದೆ. ಸರ್ಕಾರಿ ನೌಕರಿ ಮಾಡಿದವರು ಈ ಸಭೆಯಲ್ಲಿ ಅನೇಕರಿದ್ದೀರಿ, ವ್ಯಾಖ್ಯಾನ ಬೇಕಾಗಲಾರದು.

ಈಗ ಬಾದಾಮಿಗೆ ಬರೋಣ. ಮೊದಲನೆಯ ಖುಸ್ರೋನ ಮೊಮ್ಮಗ ಎರಡನೆಯ ಖುಸ್ರೋ 590ರಿಂದ 628ರವರೆಗೆ ಆಳಿದ. ನಮ್ಮ ಇಮ್ಮಡಿ ಪುಲಿಕೇಶಿ ಸುಮಾರು 610ರಿಂದ 642ರವರೆಗೆ. ಇಬ್ಬರೂ ಸಮಕಾಲೀನರು. ತಬರಿಯ ಚರಿತ್ರೆಯಲ್ಲಿ ಬರುವ ಒಂದು ಪ್ರಸಂಗ ಹೀಗಿದೆ: ಖುಸ್ರೋನ ಆಳ್ವಿಕೆಯ 36ನೆಯ ವರ್ಷದಲ್ಲಿ ಭಾರತದ ರಾಜನೊಬ್ಬ ಅವನಿಗೂ ಅವನ ಮಕ್ಕಳಿಗೂ ಕಾಣಿಕೆ ಸಹಿತ ಓಲೆಗಳನ್ನು ಕಳುಹಿಸಿದ. ಮಗ ಶೀರೋಯನಿಗೆ ಬಂದದ್ದು ಆನೆ, ಖಡ್ಗ, ಬಿಳಿಯ ಡೇಗೆ ಹಾಗೂ ಜರಿಯ ವಸ್ತ್ರ. ಆ ಓಲೆಯ ಮೇಲೆ, ಇದನ್ನು ಗುಟ್ಟಾಗಿಡು ಎಂದು ಭಾರತದ ಲಿಪಿಯಲ್ಲಿ ಬರೆದಿತ್ತು. ಸಂಶಯಗೊಂಡ ಖುಸ್ರೋ ಭಾರತೀಯ ಕರಣಿಕನೊಬ್ಬನನ್ನು ಕರೆಸಿ ಮುದ್ರೆ ಒಡೆಸಿ ಓದಿಸಿದ. ತಂದೆಯ ಆಳ್ವಿಕೆಯ 38ನೆಯ ವರ್ಷದಲ್ಲಿ ನೀನು ಪಟ್ಟಕ್ಕೆ ಬರುತ್ತೀಯೆ, ಸಂತೋಷಪಡು ಎಂದು ಅದರಲ್ಲಿತ್ತಂತೆ. ತಬರಿಯ ಅರಬ್ಬೀ ಬರಹದಲ್ಲಿ ಆ ಅರಸನ ಹೆಸರು ಕೆಟ್ಟಿದೆ. 1879ರಲ್ಲಿ ಜರ್ಮನ್ ವಿದ್ವಾಂಸ ನೋಲ್ಡೆಕೆ ಅದನ್ನು ಪುಲಿಕೇಶಿ ಎಂದು ಓದಿದ. ಅಜಂತೆಯ ಒಂದನೆಯ ಗುಹೆಯಲ್ಲಿ ಪರದೇಶಿ ಉಡುಪಿನವರಿರುವ ಚಿತ್ರವನ್ನು ಈ ರಾಯಭಾರದ ಚಿತ್ರವೆಂದು ಫರ್ಗುಸನ್ ಹೇಳಿದ್ದು ನಮ್ಮ ಪಠ್ಯಪುಸ್ತಕಗಳಿಗೂ ಸೇರಿತು. ಆ ಚಿತ್ರ ಪುಲಿಕೇಶಿಗಿಂತ ಹಿಂದಿನದೆಂದು ಈಗ ಹಲವು ಕಲಾ ಇತಿಹಾಸಕಾರರ ಮತ. ಚಿತ್ರ ಹೋದರೂ ನನಗೆ ಚಿಂತೆಯಿಲ್ಲ. ನನ್ನ ಗಮನವಿರುವುದು ಓಲೆ ಓದಿದ ಆ ಅನಾಮಿಕ ಕರಣಿಕನ ಮೇಲೆ. ಭಾರತದ ಲಿಪಿಯನ್ನು ಓದಬಲ್ಲ ಒಬ್ಬನನ್ನು ಸಾಸಾನಿ ಆಸ್ಥಾನ ಕೈಯಳತೆಯಲ್ಲಿ ಇಟ್ಟುಕೊಂಡಿತ್ತು.

628ರಲ್ಲಿ ಶೀರೋಯ ತಂದೆಯನ್ನು ಸೆರೆಯಲ್ಲಿಟ್ಟು ಕೊಲ್ಲಿಸಿದ. ಆ ಹೊತ್ತಿಗೆ ರಾಜ್ಯ ಒಳಗಿನಿಂದ ಟೊಳ್ಳಾಗಿತ್ತು. 602ರಲ್ಲಿ ಬೈಜಾಂಟಿಯಮ್ಮಿನ ಮೇಲೆ ಆರಂಭಿಸಿದ ಯುದ್ಧ ಇಪ್ಪತ್ತಾರು ವರ್ಷ ನಡೆದಿತ್ತು. ಖುಸ್ರೋನ ಸೈನ್ಯ 614ರಲ್ಲಿ ಜೆರೂಸಲೇಮನ್ನು ಗೆದ್ದಿತು, ಈಜಿಪ್ಟನ್ನೂ ಗೆದ್ದಿತು. ಕೊನೆಗೆ ಚಕ್ರವರ್ತಿ ಹೆರಾಕ್ಲಿಯಸ್ ಇರಾಕಿಗೇ ನುಗ್ಗಿ ಬಂದ. ಅದರ ಬೆನ್ನಿಗೆ ಪ್ಲೇಗು ಬಂತು, ಟೈಗ್ರಿಸ್ ನದಿ ಏರಿಗಳನ್ನು ಒಡೆದು ಹೊಲಗಳನ್ನು ಮುಳುಗಿಸಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಸಿಂಹಾಸನದ ಮೇಲೆ ಕುಳಿತವರಲ್ಲಿ ಮಕ್ಕಳಿದ್ದರು, ಸೇನಾಪತಿಯಿದ್ದ, ಬೋರಾನ್ ಮತ್ತು ಆಜರ್ಮಿದುಖ್ತ್ ಎಂಬ ಇಬ್ಬರು ರಾಣಿಯರೂ ಇದ್ದರು. ಇಂಥ ಮನೆಗೆ ಅರಬರ ಸೈನ್ಯ ಬಂದು ಬಾಗಿಲು ತಟ್ಟಿತು. 642ರಲ್ಲಿ ನಹಾವಂದ್ ಯುದ್ಧದಲ್ಲಿ ಸಾಸಾನಿಗಳ ಕೊನೆಯ ದೊಡ್ಡ ಸೈನ್ಯ ಸೋತಿತು. ಅದೇ 642ರಲ್ಲಿ ಪಲ್ಲವ ನರಸಿಂಹವರ್ಮನ ಸೈನ್ಯ ಬಾದಾಮಿಯನ್ನು ಹಿಡಿಯಿತು. ರವಿಕೀರ್ತಿ ಐಹೊಳೆಯಲ್ಲಿ ಪುಲಿಕೇಶಿಯ ದಿಗ್ವಿಜಯವನ್ನು ಹಾಡಿದ 634ನೆಯ ಇಸವಿಯಿಂದ ಅದಕ್ಕೆ ಎಂಟೇ ವರ್ಷ. ಗೆಲವು ನಿಲ್ಲಿಸಲು ಬಾರದ ಅರಸರಿಬ್ಬರ ವಂಶಗಳು ಒಂದೇ ವರ್ಷದಲ್ಲಿ ಬಿದ್ದವು. ಚಾಲುಕ್ಯರು ಹದಿಮೂರು ವರ್ಷಗಳಲ್ಲಿ ವಿಕ್ರಮಾದಿತ್ಯನ ನೇತೃತ್ವದಲ್ಲಿ ಮತ್ತೆ ಎದ್ದರು. ಸಾಸಾನಿಗಳ ಕೊನೆಯ ದೊರೆ ಯಜ್ದಗಿರ್ದ್ 651ರಲ್ಲಿ ಮರ್ವ್ ನಗರದ ಬಳಿ ಕೊಲೆಯಾದ. ಅವನ ಮಗ ಪೀರೋಜ್ ಚೀನಾದ ತಾಂಗ್ ಆಸ್ಥಾನದಲ್ಲಿ ಆಶ್ರಿತನಾಗಿ ಉಳಿದ.

ಇಲ್ಲಿಂದ ಮುಂದಿನದೇ ನಮಗೆ ಮುಖ್ಯ. ಗೆದ್ದ ಅರಬರು ಅಕಮೆನಿಡರು ಮಾಡಿದ್ದನ್ನೇ ಮಾಡಿದರು. ಸೋತವರ ಕಚೇರಿಯಲ್ಲಿ ಬಂದು ಕುಳಿತರು. ಖುಸ್ರೋನ ಮುಖವಿದ್ದ ಬೆಳ್ಳಿ ನಾಣ್ಯವನ್ನೇ ಅರಬ್ಬೀ ಅಕ್ಷರ ಸೇರಿಸಿ ಅರ್ಧ ಶತಮಾನ ಟಂಕಿಸಿದರು. ಇರಾಕಿನ ಕಂದಾಯದ ಲೆಕ್ಕ ಪಹ್ಲವಿಯಲ್ಲಿಯೇ ನಡೆಯಿತು. 697ರ ಸುಮಾರಿಗೆ ಹಜ್ಜಾಜ್ ಎಂಬ ಅಧಿಕಾರಿಯ ಕಾಲದಲ್ಲಿ ಅದನ್ನು ಅರಬ್ಬಿಗೆ ಬದಲಾಯಿಸಿದವನು ಸಾಲಿಹ್ ಎಂಬ ದ್ವಿಭಾಷಿ ಕರಣಿಕ. ನನ್ನಿಂದಾಗದು ಎಂದು ಹೇಳಿಬಿಡು, ಒಂದು ಲಕ್ಷ ದಿರ್ಹಮ್ ಕೊಡುತ್ತೇವೆ ಎಂದು ಪರ್ಷಿಯನ್ ಲಿಪಿಕಾರರು ಅವನನ್ನು ಬೇಡಿಕೊಂಡರೆಂದು ಬಲಾಧುರಿ ಬರೆಯುತ್ತಾನೆ. ಸಾಲಿಹ್ ಒಪ್ಪಲಿಲ್ಲ. ಪರ್ಷಿಯನ್ನಿನ ಬೇರು ಕಡಿದವನ ಬೇರೂ ಕಡಿಯಲಿ ಎಂದು ಅವರಲ್ಲೊಬ್ಬ ಶಪಿಸಿದನಂತೆ. ಅವರ ಭಯ ಸುಳ್ಳಾಗಿರಲಿಲ್ಲ. ಪಹ್ಲವಿ ಲಿಪಿ ನಿಜಕ್ಕೂ ಕ್ಷೀಣಿಸಿತು. ಜರತುಷ್ಟ್ರ ಧರ್ಮದ ಪುರೋಹಿತರ ಮನೆಗಳಲ್ಲಿ ಮಾತ್ರ ಉಳಿಯಿತು.

ಆದರೆ ಭಾಷೆ ಸಾಯಲಿಲ್ಲ. ಕಚೇರಿಯನ್ನು ಕಳೆದುಕೊಂಡ ಪರ್ಷಿಯನ್ ಮನೆಗಳಲ್ಲಿ, ಸಂತೆಗಳಲ್ಲಿ, ಕಥೆ ಹೇಳುವವರ ಬಾಯಲ್ಲಿ ಇನ್ನೂರು ವರ್ಷ ಬದುಕಿತು. ಗೆದ್ದವರ ಲಿಪಿಯನ್ನೇ ಉಟ್ಟುಕೊಂಡು, ಅವರ ನೂರಾರು ಪದಗಳನ್ನು ನುಂಗಿಕೊಂಡು, ಸಾಮಾನಿ ಅರಸರ ಕಾಲದಲ್ಲಿ ಬುಖಾರದ ಕಡೆ ಮತ್ತೆ ತಲೆಯೆತ್ತಿತು. ಫಿರ್ದೌಸಿ 1010ರಲ್ಲಿ ಶಾಹನಾಮೆಯನ್ನು ಮುಗಿಸಿದ. ಆಮೇಲೆ ಈ ಭಾಷೆಯನ್ನು ಭಾರತಕ್ಕೆ ತಂದವರು ಪರ್ಷಿಯನ್ನರಲ್ಲ, ತುರ್ಕರು. ಮನೆಯಲ್ಲಿ ತುರ್ಕಿ ಆಡುತ್ತ ಕಚೇರಿಯಲ್ಲಿ ಪರ್ಷಿಯನ್ ಬರೆಸುತ್ತಿದ್ದ ಜನ ಅವರು. ಸಾಮ್ರಾಜ್ಯವಿದ್ದಾಗ ಸಿಂಧೂ ನದಿಯನ್ನು ದಾಟದಿದ್ದ ಭಾಷೆ, ಸಾಮ್ರಾಜ್ಯವಿಲ್ಲದೆ ಕೃಷ್ಣಾ ನದಿಯವರೆಗೆ ಬಂತು.

1347ರಲ್ಲಿ ಸ್ವತಂತ್ರನಾಗಿ ಕಲಬುರಗಿಯಿಂದ ಆಳಿದ ಹಸನ್ ತನ್ನನ್ನು ಬಹಮನ್ ಶಾಹ ಎಂದು ಕರೆದುಕೊಂಡ. ಬಹಮನ್ ಯಾರು? ಶಾಹನಾಮೆಯ ವೀರ ಇಸ್ಫಂದಿಯಾರನ ಮಗ. ಇಸ್ಲಾಮಿಗಿಂತ ಬಹು ಹಿಂದಿನ ಅರಸ. ಆ ಹೆಸರಿನ ಮೂಲ ಜರತುಷ್ಟ್ರ ಧರ್ಮದ ‘ವೊಹು ಮನಹ್’, ಅಂದರೆ ಸನ್ಮನಸ್ಸು. ಕವಿ ಇಸಾಮಿ 1350ರಲ್ಲಿ ಈ ಹೊಸ ಸುಲ್ತಾನನ ಆಶ್ರಯದಲ್ಲಿ ಶಾಹನಾಮೆಯ ಧಾಟಿಯಲ್ಲೇ ಒಂದು ಇತಿಹಾಸ ಕಾವ್ಯ ಬರೆದು ಅವನ ವಂಶವನ್ನು ಆ ಪುರಾತನ ಬಹಮನನಿಗೆ ಜೋಡಿಸಿದ. ಇದು ನಿಜವಾದ ವಂಶಾವಳಿಯಲ್ಲವೆಂದು ಹೇಳಬೇಕಾದ ಅಗತ್ಯವಿಲ್ಲ. ನಮ್ಮ ಅರಸುಮನೆತನಗಳು ಸೂರ್ಯನನ್ನೋ ಯದುವನ್ನೋ ಹುಡುಕಿಕೊಂಡಂತೆ ಅವನೂ ಒಬ್ಬ ಹಿರಿಯನನ್ನು ಹುಡುಕಿಕೊಂಡ. ಯಜ್ದಗಿರ್ದ್ ಸತ್ತು ಏಳುನೂರು ವರ್ಷಗಳಾಗಿದ್ದರೂ ಜೋಳ ಬೆಳೆಯುವ ಕರಿಯ ನೆಲದಲ್ಲಿ ಒಬ್ಬನಿಗೆ ಪಟ್ಟವೇರಲು ಇರಾನಿನ ಅರಸುತನದ ಮುದ್ರೆಯೇ ಬೇಕಾಯಿತು.

ಬಹಮನಿಗಳ ರಾಜ್ಯ ಮುರಿದದ್ದೂ ಒಂದು ಮುದ್ರೆಯಿಂದಲೇ. ಇರಾನಿನ ಗೀಲಾನಿನಿಂದ 1453ರಲ್ಲಿ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನ್ ಬೀದರಿನ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸೆಯ ನೀಲಿ ಹೆಂಚುಗಳನ್ನು ತಾವು ನೋಡಿರುತ್ತೀರಿ. ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದ, ಭೂಮಿ ಅಳೆಸಿದ, ಸರದಾರರ ಕೋಟೆಗಳನ್ನು ಕಿತ್ತುಕೊಂಡ. ಊರಿನವರಾದ ದಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಇದ್ದ ದ್ವೇಷ ಅವನ ಸುತ್ತ ಹೊಗೆಯಾಡಿತು. ವಿರೋಧಿಗಳು ಅವನ ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. 1481ರ ಏಪ್ರಿಲ್ 5ರಂದು ಸುಲ್ತಾನ ಅವನ ತಲೆ ತೆಗೆಸಿದ. ಪತ್ರ ಬರೆಯುವ ಕಲೆಯ ಬಗ್ಗೆಯೇ ಗ್ರಂಥ ರಚಿಸಿದ್ದ ಮನುಷ್ಯ ಒಂದು ಕಳ್ಳಪತ್ರಕ್ಕೆ ಬಲಿಯಾದ. ಆಮೇಲೆ ರಾಜ್ಯ ಐದಾಗಿ ಒಡೆಯಿತು.

ದಖನಿ, ಆಫಾಕಿ ಎಂದಾಗ ಈ ಊರಿನ ಹಿರಿಯರಿಗೆ ಮುಲ್ಕಿ, ಗೈರ್ ಮುಲ್ಕಿ ಎಂಬ ಶಬ್ದಗಳು ನೆನಪಾಗದೆ ಇರವು. 1952ರಲ್ಲೂ 1969ರಲ್ಲೂ ಇಲ್ಲಿಯ ಬೀದಿಗಳಲ್ಲಿ ಕೇಳಿದ ಜಗಳದ ಮೊದಲ ಅಂಕ ಬೀದರಿನಲ್ಲಿ ನಡೆದಿತ್ತು. ನಾವಾದರೋ 1956ರ ಅಕ್ಟೋಬರ್ 31ರವರೆಗೆ ಈ ರಾಜ್ಯದ ಮುಲ್ಕಿಗಳು, ಮರುದಿನದಿಂದ ಹೊರನಾಡಿನವರು. ಊರು ಬಿಟ್ಟು ಕದಲದೆಯೇ ಹೊರಗಿನವರಾದ ಅನುಭವ ನಮ್ಮದು.

ರಾಯಚೂರು ಜಿಲ್ಲೆಯ ನಮ್ಮ ಮನೆಯಲ್ಲಿ ಹೊಲದ ಲೆಕ್ಕ ಕನ್ನಡದಲ್ಲಿ, ಅರ್ಜಿ ಉರ್ದುವಿನಲ್ಲಿ, ತಾತನ ಪೆಟ್ಟಿಗೆಯ ತಳದಲ್ಲಿದ್ದ ಇನಾಮಿನ ಕಾಗದ ಪರ್ಷಿಯನ್ನಿನಲ್ಲಿ. ನಿಜಾಮರ ಸರ್ಕಾರ 1880ರ ದಶಕದಲ್ಲಿ ಪರ್ಷಿಯನ್ನನ್ನು ಬಿಟ್ಟು ಉರ್ದುವನ್ನು ಹಿಡಿದ ಮೇಲೆ ಆ ಕೊನೆಯ ಕಾಗದ ಪೂಜೆಯ ವಸ್ತುವಾಗಿ ಉಳಿಯಿತು, ಓದುವ ವಸ್ತುವಾಗಿ ಅಲ್ಲ. ನಮ್ಮ ಮಾತಿನಲ್ಲಿ ಮಾತ್ರ ಅದು ಕರಗಿಹೋಗಿದೆ. ಜಮೀನು, ದಸ್ತಾವೇಜು, ಗುಮಾಸ್ತ, ರವಾನೆ, ಬಂದೋಬಸ್ತು ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ ರೈತನಿಗೆ ಗೊತ್ತಿಲ್ಲದ ಶಬ್ದ ಯಾವುದು? ಶಿರಸ್ತೇದಾರ ಎಂದರೆ ದಾರದ ತುದಿ ಹಿಡಿದವನು ಎಂದರ್ಥ. ಕಲಬುರಗಿ, ರಾಯಚೂರುಗಳಲ್ಲಿ ಧಾನ್ಯದ ಪೇಟೆಯನ್ನು ನಾವು ಗಂಜ್ ಎನ್ನುತ್ತೇವೆ. ಅಕಮೆನಿಡರ ಖಜಾನೆಗೂ ಇದೇ ಹೆಸರು. ಸೈರಸ್ಸನ ಹೆಸರು ಕೇಳದ ಹಮಾಲಿಯೊಬ್ಬ ತೊಗರಿಯ ಚೀಲ ಹೊತ್ತು ದಿನವೂ ಅವನ ಭಂಡಾರದೊಳಕ್ಕೆ ಹೋಗಿಬರುತ್ತಾನೆ.

ಹಳೆಯ ಸಾಮ್ರಾಜ್ಯವನ್ನು ನೆನೆಯುವ ಇನ್ನೊಂದು ಬಗೆಯೂ ಉಂಟು. 1971ರ ಅಕ್ಟೋಬರಿನಲ್ಲಿ ಇರಾನಿನ ಷಾ ಪರ್ಸಿಪೊಲಿಸ್ಸಿನ ಅವಶೇಷಗಳ ಬಳಿ ರೇಷ್ಮೆಯ ಗುಡಾರಗಳ ನಗರ ಕಟ್ಟಿಸಿ, ಪ್ಯಾರಿಸ್ಸಿನಿಂದ ಅಡುಗೆಯವರನ್ನು ತರಿಸಿ, 2500 ವರ್ಷಗಳ ರಾಜಪರಂಪರೆಯ ಉತ್ಸವ ಮಾಡಿದ. 1976ರಲ್ಲಿ ಸೈರಸ್ಸನಿಂದ ಎಣಿಸುವ ಹೊಸ ಪಂಚಾಂಗವನ್ನೇ ಜಾರಿಗೆ ತಂದ. ಎರಡು ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 1979ರಲ್ಲಿ ಸಿಂಹಾಸನವೇ ಹೋಯಿತು. ನಮ್ಮ ನಾಡಹಬ್ಬಗಳ ವೇದಿಕೆಯ ಮೇಲೆ ಪುಲಿಕೇಶಿಯ ಬೇಷ ಹಾಕಿದ ಹುಡುಗನನ್ನು ನೋಡಿದಾಗ ನನಗೆ ಸಂತೋಷವೇ ಆಗುತ್ತದೆ. ಆದರೆ ಕಾವೇರಿಯಿಂದ ಗೋದಾವರಿಯವರೆಗೆ ಎಂದು ಪ್ರತಿವರ್ಷ ಹೇಳುವ ನಾವು, ಆ ಗೋದಾವರಿಗೂ ಕಾವೇರಿಗೂ ನಡುವಿನ ನೆಲದ ಮುನ್ನೂರು ವರ್ಷಗಳ ಕಾಗದವನ್ನು ಓದುವ ಒಬ್ಬನನ್ನು ತಯಾರಿಸಲಿಲ್ಲ. ಪುಲಿಕೇಶಿಯ ಓಲೆ ಓದಲು ಖುಸ್ರೋನ ಬಳಿ ಒಬ್ಬನಿದ್ದ.

ಕೆಲಸ ಆರಂಭವಾಗಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲಶಾಹಿ ಕಾಲದ ಪರ್ಷಿಯನ್, ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸಿ ಸಂಪುಟಗಳಾಗಿ ಪ್ರಕಟಿಸಿದೆ. ಇದು ದೊಡ್ಡ ಸಾಹಸ. ಆದರೆ ಅವು ಬಹುಮಟ್ಟಿಗೆ ಗ್ರಂಥಗಳು, ಆಸ್ಥಾನದವರು ಆಸ್ಥಾನಕ್ಕಾಗಿ ಬರೆದವು. ಕಚೇರಿಯ ಬಿಡಿ ಹಾಳೆಗಳ ಮಾತು ಬೇರೆ. ಅವುಗಳಿಗಾಗಿ ಬೆಂಗಳೂರಿನಿಂದ ಯಾರೋ ಬರಲೆಂದು ಕಾಯಬೇಕಿಲ್ಲ. ಪತ್ರಾಗಾರ ಇಲ್ಲಿಯೇ ಇದೆ. ಪರ್ಷಿಯನ್ ಕಲಿಸುವ ವಿಭಾಗ ಪಕ್ಕದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ಸಂಘ ಪ್ರತಿವರ್ಷ ರಾಜ್ಯೋತ್ಸವಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಕನ್ನಡ ಬಲ್ಲ ಇಬ್ಬರು ಎಳೆಯರಿಗೆ ಮೂರು ವರ್ಷ ಪರ್ಷಿಯನ್ ಕಲಿಯಲು ವೇತನ ಕೊಡಬಹುದು ಎಂಬ ಸೂಚನೆಯನ್ನು ಅಧ್ಯಕ್ಷರ ಮುಂದೆ ಇಡುತ್ತೇನೆ.

ಆ ಎಳೆಯರು ಮೊದಲು ಯಾವುದನ್ನು ಬಿಡಿಸಿ ನೋಡಬೇಕೆಂದು ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಅಲ್ಲಿಯ ಮೊಗಲ್ ಕಾಲದ ಪತ್ರಗಳಲ್ಲಿ ‘ಅರ್ಜ್-ಒ-ಚೆಹ್ರಾ’ ಎಂಬ ಬಗೆಯವು ಬಹಳ ಇವೆ. ಸೈನ್ಯಕ್ಕೆ ಸೇರಿದ ಒಬ್ಬೊಬ್ಬ ಸವಾರನ ಗುರುತಿನ ಚೀಟಿಗಳು ಅವು. ಅವನ ಹೆಸರು, ತಂದೆಯ ಹೆಸರು, ಕುಲ, ಊರು, ಮೈಬಣ್ಣ, ಹಣೆ, ಹುಬ್ಬು, ಮುಖದ ಮೇಲಿನ ಗಾಯದ ಕಲೆ, ಮಚ್ಚೆ. ಆಮೇಲೆ ಅವನ ಕುದುರೆಯ ಬಣ್ಣ, ಅದರ ಮೈಮೇಲೆ ಹಾಕಿದ ಬರೆಯ ಗುರುತು. ಪರ್ಸಿಪೊಲಿಸ್ಸಿನಲ್ಲಿ ಹಿಟ್ಟು ಅಳೆದುಕೊಟ್ಟದ್ದನ್ನು ಬರೆದಿಟ್ಟವನ ವೃತ್ತಿಬಾಂಧವನೇ ಇದನ್ನೂ ಬರೆದಿದ್ದಾನೆ. ಆ ಮುಖಗಳಲ್ಲಿ ನಮ್ಮ ಊರುಗಳ ಮುಖಗಳೆಷ್ಟು, ಬೀದರಿನವರೆಷ್ಟು, ಮುದಗಲ್ಲಿನವರೆಷ್ಟು ಎಂಬುದನ್ನು ಅವರು ಎಣಿಸಿ ತಂದು ಇದೇ ಸಭೆಯಲ್ಲಿ ಕನ್ನಡದಲ್ಲಿ ಹೇಳಲಿ. ಕೇಳಲು ನಾನು ಬರುತ್ತೇನೆ.